ನಗುವ ಹೊಣೆ ಯಾರದು?

ದೊಡ್ಡ ಕಾಯಿಲೆಯಿಂದ ಮಲಗಿದವರನ್ನು ನೋಡಲು ಹೋಗುವವರು ಎಳನೀರು, ಸೇಬಿನ ಜೊತೆಗೆ ಒಂದಿಷ್ಟು ಉಪದೇಶವನ್ನೂ ಒಯ್ಯುತ್ತಾರೆ. ‘ಮನಸ್ಸು ಗಟ್ಟಿ ಮಾಡ್ಕೊಳ್ಳಿ’, ‘ನಗ್‌ನಗ್ತಾ ಇರಿ, ಅರ್ಧ ಕಾಯಿಲೆ ಅದರಲ್ಲೇ ಹೋಗುತ್ತೆ’, ‘ವಿಲ್ ಪವರ್ ಒಂದಿದ್ರೆ ಯಾವ ಕ್ಯಾನ್ಸರ್ರೂ ಏನೂ ಮಾಡಲ್ಲ’. ಹೇಳುವವರ ಸದುದ್ದೇಶವನ್ನು ಶಂಕಿಸಬೇಕಿಲ್ಲ. ಆದರೆ ಈ ಮಾತಿಗೆ ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಮಗ್ಗುಲಿದೆ. ಗುಣವಾದವರು ಮನೋಬಲದಿಂದ ಗುಣವಾದರು ಎಂದಾದರೆ, ಗುಣವಾಗದವರಿಗೆ ಆ ಬಲ ಸಾಲದೆ ಹೋಯಿತು ಎಂದೇ ಹೇಳಿದಂತಾಯಿತು. ಹಿಂದೆ ಕಾಯಿಲೆಗೆ ಪೂರ್ವಜನ್ಮದ ಕರ್ಮ ಕಾರಣ ಎನ್ನುತ್ತಿದ್ದೆವು. ಈಗ ಈ ಜನ್ಮದ ನೆಗೆಟಿವ್ ಥಿಂಕಿಂಗ್ ಕಾರಣ ಎನ್ನುತ್ತೇವೆ. ಎರಡರಲ್ಲೂ ಕಟಕಟೆಯಲ್ಲಿ ನಿಲ್ಲುವುದು ರೋಗಿಯೇ. ಅಮೆರಿಕದ ಲೇಖಕಿ ಸೂಸನ್ ಸಾಂಟ್ಯಾಗ್ 1978ರಲ್ಲಿ, ಬಾರ್ಬರಾ ಎಹ್ರೆನ್‌ರೈಕ್ 2009ರಲ್ಲಿ ಪ್ರಕಟಿಸಿದ ಪುಸ್ತಕಗಳಲ್ಲಿ ಈ ಆರೋಪವನ್ನು ನೇರವಾಗಿ ಎದುರಿಸಿದರು. ಇಬ್ಬರೂ ಸ್ತನ ಕ್ಯಾನ್ಸರ್‌ನ ಚಿಕಿತ್ಸೆ ಪಡೆದವರು.

ಹಾಗೆಂದು ನಗು, ಗೆಳೆತನ, ಕೃತಜ್ಞತೆಗಳಿಗೆ ಚೇತರಿಕೆಯಲ್ಲಿ ಪಾತ್ರವೇ ಇಲ್ಲವೆಂದು ತಳ್ಳಿಹಾಕಿದರೆ ಅದು ಇನ್ನೊಂದು ಬಗೆಯ ಅವಸರ. ಪಾತ್ರವಿದೆ, ಅದಕ್ಕೆ ಪುರಾವೆಗಳೂ ಇವೆ. ಆ ಪುರಾವೆಗಳನ್ನು ನಾವು ಓದುತ್ತಿರುವ ರೀತಿ ಮಾತ್ರ ತಿರುವುಮುರುವಾಗಿದೆ. ಮೂರನ್ನೂ ರೋಗಿ ತಾನೇ ತಯಾರಿಸಿಕೊಂಡು ದಿನಕ್ಕೆ ಮೂರು ಹೊತ್ತು ಸೇವಿಸಬೇಕಾದ ಔಷಧವೆಂದು ಭಾವಿಸಿದ್ದೇವೆ. ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಕಾಣುವುದು ಬೇರೆ: ಮೂರರಲ್ಲಿ ಬುಡ ಗೆಳೆತನ, ಉಳಿದೆರಡು ಅದರ ಫಲ. ಗೆಳೆತನವಾದರೂ ರೋಗಿಯ ಮನಃಸ್ಥಿತಿಯಲ್ಲ, ಸುತ್ತಲಿನವರು ಮಾಡುವ ಕೆಲಸ. ಆದ್ದರಿಂದ ನಗುವ ಹೊಣೆಯನ್ನು ಹಾಸಿಗೆಯಲ್ಲಿರುವವರ ತಲೆಯ ಮೇಲಿಂದ ಇಳಿಸಿ, ಹಾಸಿಗೆಯ ಪಕ್ಕದಲ್ಲಿರುವವರ ಹೆಗಲಿಗೆ ಏರಿಸಬೇಕು ಎಂಬುದು ಈ ಲೇಖನದ ವಾದ.

ನಗುವಿನಿಂದ ಕಾಯಿಲೆ ಗೆದ್ದವರ ಕತೆಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾದದ್ದು ಅಮೆರಿಕದ ಪತ್ರಕರ್ತ ನಾರ್ಮನ್ ಕಸಿನ್ಸ್ ಅವರದು. ‘ಸ್ಯಾಟರ್ಡೇ ರಿವ್ಯೂ’ ಪತ್ರಿಕೆಯ ಸಂಪಾದಕರಾಗಿದ್ದ ಅವರು 1964ರಲ್ಲಿ ಸೋವಿಯತ್ ಒಕ್ಕೂಟದ ಪ್ರವಾಸ ಮುಗಿಸಿ ಬಂದವರೇ ಹಾಸಿಗೆ ಹಿಡಿದರು. ಕತ್ತು, ಕೈ, ಬೆರಳುಗಳನ್ನು ಅಲುಗಿಸಲೂ ಆಗದಷ್ಟು ನೋವು. ಬೆನ್ನೆಲುಬಿನ ಕೀಲುಗಳು ಬಿಗಿದುಕೊಳ್ಳುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂದು ವೈದ್ಯರು ಹೆಸರಿಟ್ಟರು. ಪೂರ್ತಿ ಗುಣವಾಗುವ ಸಾಧ್ಯತೆ ಐನೂರರಲ್ಲಿ ಒಂದು ಎಂದು ತಜ್ಞರೊಬ್ಬರು ಹೇಳಿದ್ದಾಗಿ ಕಸಿನ್ಸ್ ಬರೆದಿದ್ದಾರೆ. ಒಂದೇ ದಿನ ನಾಲ್ಕು ವಿಭಾಗದವರು ಬಂದು ಬೇರೆಬೇರೆಯಾಗಿ ರಕ್ತ ತೆಗೆದುಕೊಂಡು ಹೋಗುವ ಆಸ್ಪತ್ರೆಯಲ್ಲಿ ಯಾರಾದರೂ ಚೇತರಿಸಿಕೊಳ್ಳುವುದು ಹೇಗೆ ಎಂದು ಬೇಸತ್ತ ಅವರು ಹೋಟೆಲ್ ಕೋಣೆಯೊಂದಕ್ಕೆ ಬಿಡಾರ ಬದಲಿಸಿದರು. ಅಲ್ಲಿ ರಕ್ತನಾಳದ ಮೂಲಕ ಭಾರೀ ಪ್ರಮಾಣದ ವಿಟಮಿನ್ ಸಿ ಏರಿಸಿಕೊಂಡರು. ಮಾರ್ಕ್ಸ್ ಸಹೋದರರ ಹಳೆಯ ಹಾಸ್ಯಚಿತ್ರಗಳನ್ನು, ಜನರನ್ನು ಬೇಸ್ತು ಬೀಳಿಸುವ ‘ಕ್ಯಾಂಡಿಡ್ ಕ್ಯಾಮೆರಾ’ ಎಂಬ ಟಿ.ವಿ. ಕಾರ್ಯಕ್ರಮದ ರೀಲುಗಳನ್ನು ಹಾಕಿಸಿಕೊಂಡು ನೋಡಿದರು. ಹತ್ತು ನಿಮಿಷ ಹೊಟ್ಟೆ ಹಿಡಿದುಕೊಂಡು ನಕ್ಕರೆ ಎರಡು ಗಂಟೆ ನೋವಿಲ್ಲದ ನಿದ್ದೆ ಬರುತ್ತಿತ್ತು ಎಂಬುದು ಅವರ ಅನುಭವ. ಕ್ರಮೇಣ ಅವರು ಎದ್ದು ಓಡಾಡಿದರು, ಕೆಲಸಕ್ಕೂ ಮರಳಿದರು. 1976ರ ಡಿಸೆಂಬರ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಂಥ ಬಿಗಿ ವೈದ್ಯಕೀಯ ಪತ್ರಿಕೆಯೇ ಅವರ ಲೇಖನವನ್ನು ಪ್ರಕಟಿಸಿತು. 1979ರಲ್ಲಿ ಅದು ಪುಸ್ತಕವಾಯಿತು. ‘ನಗುವೇ ಮದ್ದು’ ಎಂಬ ಹಳೆಯ ಮಾತಿಗೆ ವಿಜ್ಞಾನದ ಮೊಹರು ಬಿತ್ತೆಂದು ಜಗತ್ತು ನಂಬಿತು.

ಮೊಹರೇನೂ ಬಿದ್ದಿರಲಿಲ್ಲ. ಒಬ್ಬನೇ ರೋಗಿ, ಏಕಕಾಲಕ್ಕೆ ಹಲವು ಪ್ರಯೋಗ. ಯಾವುದರಿಂದ ಏನಾಯಿತೆಂದು ಬಿಡಿಸಿ ಹೇಳಲು ದಾರಿಯಿಲ್ಲ. ಆ ರೋಗನಿರ್ಣಯವೇ ಸರಿಯಿತ್ತೇ ಎಂದು ಮುಂದೆ ವೈದ್ಯರು ಸಂಶಯಪಟ್ಟಿದ್ದಾರೆ. ತಾನಾಗಿಯೇ ಇಳಿಯುವ ಸಂಧಿವಾತಗಳೂ ಇವೆ. ನಗು ಎಂದು ತಾನು ಹೇಳಿದ್ದು ಎಲ್ಲ ಒಳ್ಳೆಯ ಭಾವನೆಗಳಿಗೆ ಒಂದು ಸಂಕೇತವಾಗಿ ಎಂದು ಕಸಿನ್ಸ್ ಅವರೇ ಆಮೇಲೆ ಸ್ಪಷ್ಟಪಡಿಸಬೇಕಾಯಿತು. ಇಷ್ಟು ಆಕ್ಷೇಪ ಹಲವರು ಎತ್ತಿದ್ದಾರೆ. ನನಗೆ ಮುಖ್ಯವೆನಿಸುವುದು ಆ ಕತೆಯಲ್ಲೇ ಇದ್ದೂ ಓದುಗರ ಕಣ್ಣಿಗೆ ಬೀಳದೆ ಹೋದ ಮಂದಿ. ಆ ರೀಲುಗಳನ್ನೂ ಅವನ್ನು ತೋರಿಸುವ ಪ್ರೊಜೆಕ್ಟರನ್ನೂ ಕಳಿಸಿಕೊಟ್ಟವರು ಕಾರ್ಯಕ್ರಮದ ನಿರ್ಮಾಪಕ ಆ್ಯಲನ್ ಫಂಟ್. ಪ್ರೊಜೆಕ್ಟರ್ ಓಡಿಸುವುದನ್ನು ಕಲಿತು ಓಡಿಸಿದವರು ಒಬ್ಬ ನರ್ಸ್. ರೋಗಿಯ ವಿಚಿತ್ರ ಬೇಡಿಕೆಗಳನ್ನು ತಳ್ಳಿಹಾಕದೆ ಕಿವಿಗೊಟ್ಟು, ಜವಾಬ್ದಾರಿ ಹೊತ್ತು, ಜೊತೆಗೆ ನಿಂತವರು ಬಹುಕಾಲದ ಸ್ನೇಹಿತರೇ ಆಗಿದ್ದ ಡಾ. ವಿಲಿಯಂ ಹಿಟ್ಸಿಗ್. ಹೋಟೆಲ್ ಕೋಣೆಯ ಬಾಡಿಗೆ ಕಟ್ಟುವ ಶಕ್ತಿ ಇತ್ತು, ಸಂಬಳ ನಿಲ್ಲುವ ಭಯವಿರಲಿಲ್ಲ. ಒಬ್ಬ ಮನುಷ್ಯ ತನ್ನ ಮನೋಬಲದಿಂದ ನಕ್ಕು ಗುಣವಾದ ಎಂದು ನಾವು ಸಾರಾಂಶ ಬರೆದುಕೊಂಡ ಕತೆಯಲ್ಲಿ, ಆ ನಗುವನ್ನು ಸಾಧ್ಯವಾಗಿಸಲು ಇಷ್ಟು ಜನ ಕೆಲಸ ಮಾಡಿದ್ದರು.

ಮನಸ್ಸಿನ ಉಲ್ಲಾಸವೊಂದೇ ಆಯಸ್ಸು ಹೆಚ್ಚಿಸುತ್ತದೆಯೇ ಎಂಬ ಪ್ರಶ್ನೆಯನ್ನು ವಿಜ್ಞಾನಿಗಳು ಕಡೆಗಣಿಸಿಲ್ಲ. ಸ್ಟ್ಯಾನ್‌ಫರ್ಡ್‌ನ ಮನೋವೈದ್ಯ ಡೇವಿಡ್ ಸ್ಪೀಗಲ್ ಮತ್ತು ಸಂಗಡಿಗರು 1989ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಅಚ್ಚರಿಯ ಫಲಿತಾಂಶ ಪ್ರಕಟಿಸಿದರು. ಸ್ತನ ಕ್ಯಾನ್ಸರ್ ದೇಹದ ಬೇರೆಡೆಗೂ ಹರಡಿದ್ದ 86 ಮಹಿಳೆಯರಲ್ಲಿ, ವಾರಕ್ಕೊಮ್ಮೆ ಗುಂಪಾಗಿ ಕೂತು ಮನಸ್ಸು ಬಿಚ್ಚಿ ಮಾತಾಡಿಕೊಂಡವರು ಸರಾಸರಿ 36.6 ತಿಂಗಳು, ಉಳಿದವರು 18.9 ತಿಂಗಳು ಬದುಕಿದ್ದರು. ಇಂಥ ದೊಡ್ಡ ಅಂತರ ನಿಜವಾಗಿದ್ದರೆ ಅದು ಯಾವುದೇ ಔಷಧವನ್ನು ನಾಚಿಸುವಂಥದು. ಆದರೆ 2001ರಲ್ಲಿ ಕೆನಡಾದ ಪಮೇಲಾ ಗುಡ್ವಿನ್ ತಂಡ 235 ಮಹಿಳೆಯರೊಂದಿಗೆ ಅದೇ ಪ್ರಯೋಗ ಮಾಡಿದಾಗ ಆಯಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. 2007ರಲ್ಲಿ ಸ್ಪೀಗಲ್ ತಾವೇ ಮತ್ತೆ ಪರೀಕ್ಷಿಸಿದಾಗಲೂ ಒಟ್ಟಾರೆಯಾಗಿ ಹಳೆಯ ಫಲಿತಾಂಶ ಮರಳಿ ಬರಲಿಲ್ಲ. ಅದೇ ವರ್ಷ ಜೇಮ್ಸ್ ಕಾಯ್ನ್ ಮತ್ತಿತರರು ತಲೆ, ಕುತ್ತಿಗೆಯ ಕ್ಯಾನ್ಸರ್ ಇದ್ದ 1,093 ರೋಗಿಗಳ ದಾಖಲೆ ಪರಿಶೀಲಿಸಿ, ಚಿಕಿತ್ಸೆಯ ಆರಂಭದಲ್ಲಿ ಯಾರು ಎಷ್ಟು ನೆಮ್ಮದಿಯಿಂದ ಇದ್ದರು ಎಂಬುದಕ್ಕೂ ಯಾರು ಎಷ್ಟು ಕಾಲ ಬದುಕಿದರು ಎಂಬುದಕ್ಕೂ ಸಂಬಂಧ ಸಿಗಲಿಲ್ಲವೆಂದು ವರದಿ ಮಾಡಿದರು. ಅತ್ತವರೂ ಬದುಕಿದರು, ನಕ್ಕವರೂ ಹೋದರು. ಇಷ್ಟಾದರೂ ಗುಡ್ವಿನ್ ಅಧ್ಯಯನದ ಇನ್ನೊಂದು ಅಂಶವನ್ನು ಮರೆಯಬಾರದು: ಗುಂಪಿನಲ್ಲಿ ಕೂತವರಿಗೆ, ಅದರಲ್ಲೂ ಮೊದಲೇ ಹೆಚ್ಚು ನೊಂದಿದ್ದವರಿಗೆ, ಮನಸ್ಸಿನ ಸಂಕಟವೂ ನೋವೂ ಕಡಿಮೆಯಾಗಿದ್ದವು. ಇರುವ ದಿನಗಳನ್ನು ಹಗುರಾಗಿಸುವುದು ಸಣ್ಣ ಲಾಭವಲ್ಲ. ಅದನ್ನು ಒಪ್ಪಿಕೊಳ್ಳಲು ಪವಾಡದ ಆಮಿಷ ಬೇಕಿಲ್ಲ.

ಉಲ್ಲಾಸದಿಂದ ಗೆಳೆತನದ ಕಡೆಗೆ ತಿರುಗಿದರೆ ಪುರಾವೆಯ ಬಣ್ಣ ಬದಲಾಗುತ್ತದೆ. 2010ರಲ್ಲಿ ಜೂಲಿಯನ್ ಹೋಲ್ಟ್-ಲುನ್‌ಸ್ಟಾಡ್ ಮತ್ತು ಸಂಗಡಿಗರು 148 ಅಧ್ಯಯನಗಳ, ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಗಟ್ಟಿಯಾದ ಸಾಮಾಜಿಕ ಸಂಬಂಧಗಳಿದ್ದವರು ಅಧ್ಯಯನದ ಅವಧಿಯಲ್ಲಿ ಬದುಕುಳಿಯುವ ಸಾಧ್ಯತೆ ಶೇ 50ರಷ್ಟು ಹೆಚ್ಚಿತ್ತು. ಅಮೆರಿಕದ ನರ್ಸ್‌ಗಳ ಆರೋಗ್ಯವನ್ನು 1976ರಿಂದ ಗಮನಿಸುತ್ತ ಬಂದಿರುವ ದೊಡ್ಡ ಅಧ್ಯಯನವೊಂದಿದೆ. ಅದರಲ್ಲಿ ಸ್ತನ ಕ್ಯಾನ್ಸರ್‌ಗೆ ಒಳಗಾದ 2,835 ಮಹಿಳೆಯರ ವಿವರ 2006ರಲ್ಲಿ ಪ್ರಕಟವಾಯಿತು. ಕಾಯಿಲೆ ಬರುವ ಮೊದಲೇ ಒಂಟಿಯಾಗಿದ್ದವರಲ್ಲಿ, ಬಳಗವಿದ್ದವರಿಗಿಂತ, ಯಾವುದೇ ಕಾರಣದಿಂದ ಸಾವಿನ ಅಪಾಯ ಶೇ 66ರಷ್ಟು ಹೆಚ್ಚಾಗಿತ್ತು. ಸ್ತನ ಕ್ಯಾನ್ಸರ್‌ನಿಂದಲೇ ಸಾಯುವ ಅಪಾಯ ಸುಮಾರು ಇಮ್ಮಡಿ. ಇಲ್ಲಿ ಎಚ್ಚರದ ಓದುಗರು ತಕ್ಷಣ ತಡೆಯುತ್ತಾರೆ: ಆರೋಗ್ಯವಂತರಿಗೆ, ಉಳ್ಳವರಿಗೆ ಗೆಳೆಯರು ಹೆಚ್ಚು, ಕಾರಣ ಯಾವುದು, ಫಲ ಯಾವುದು? ನ್ಯಾಯವಾದ ಪ್ರಶ್ನೆ. ಇಂಥ ಅಧ್ಯಯನಗಳು ವಯಸ್ಸು, ಕಾಯಿಲೆಯ ಹಂತ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಸಂಶಯ ಪೂರ್ತಿ ಹೋಗುವುದಿಲ್ಲ. ಅದಕ್ಕಿಂತ ಇರಿಸುಮುರಿಸಿನ ಸಂಗತಿ ಇನ್ನೊಂದಿದೆ. ಹೃದಯಾಘಾತವಾದ ಮೇಲೆ ಖಿನ್ನತೆಯಿಂದ ಅಥವಾ ಒಂಟಿತನದಿಂದ ಬಳಲುತ್ತಿದ್ದ 2,481 ಜನರಿಗೆ ಮಾತಿನ ಚಿಕಿತ್ಸೆ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2003ರಲ್ಲಿ ಹೊರಬಿತ್ತು. ಖಿನ್ನತೆ, ಒಂಟಿತನ ತುಸು ತಗ್ಗಿದವು. ಸಾವು ಮತ್ತು ಮರು ಆಘಾತಗಳು ತಗ್ಗಲಿಲ್ಲ.

ಹಾಗಿದ್ದರೆ ಬಳಗ ಕಾಯುತ್ತದೆ, ಆದರೆ ಮಾತಿನ ಚಿಕಿತ್ಸೆ ಕಾಯುವುದಿಲ್ಲ ಎಂಬ ಈ ವಿರೋಧವನ್ನು ಅರ್ಥ ಮಾಡಿಕೊಳ್ಳುವುದು ಹೇಗೆ? ನನ್ನ ಊಹೆ ಹೀಗಿದೆ: ವಾರಕ್ಕೊಮ್ಮೆ ಸಿಗುವ ಸಾಂತ್ವನ ಮನಸ್ಸನ್ನು ಮುಟ್ಟುತ್ತದೆ, ಬಳಗವಾದರೋ ಮನಸ್ಸಿನ ಜೊತೆಗೆ ಬದುಕಿನ ದಿನಚರಿಯನ್ನೂ ಮುಟ್ಟುತ್ತದೆ. ರೋಗಿಗಳು ವೈದ್ಯರ ಸಲಹೆಯನ್ನು ಎಷ್ಟರಮಟ್ಟಿಗೆ ಪಾಲಿಸುತ್ತಾರೆ ಎಂಬ ಬಗ್ಗೆ ನಡೆದ 122 ಅಧ್ಯಯನಗಳನ್ನು ರಾಬಿನ್ ಡಿಮ್ಯಾಟಿಯೊ 2004ರಲ್ಲಿ ಒಟ್ಟಿಗೆ ಪರಿಶೀಲಿಸಿದರು. ಎಲ್ಲ ಬಗೆಯ ಆಸರೆಗಳಲ್ಲಿ ಪಾಲನೆಯೊಂದಿಗೆ ಅತಿ ಗಟ್ಟಿಯಾದ ನಂಟು ಕಂಡದ್ದು ಕೈಯಿಂದ ಮಾಡುವ ಸಹಾಯಕ್ಕೆ. ನಮ್ಮ ಸ್ಥಿತಿಗೆ ಇದನ್ನು ಅನ್ವಯಿಸಿ ನೋಡಿ. ರೇಡಿಯೇಶನ್ ಎಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಐದಾರು ವಾರ. ಊರಿನಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬಂದ ಕೂಲಿಯವರ ಮನೆಯವರು ಅಷ್ಟು ದಿನ ಎಲ್ಲಿ ಉಳಿಯಬೇಕು, ಏನು ಉಣ್ಣಬೇಕು, ಊರಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುವವರು ಯಾರು, ಎಮ್ಮೆಗೆ ಹುಲ್ಲು ಹಾಕುವವರು ಯಾರು? ಚಿಕಿತ್ಸೆ ಅರ್ಧಕ್ಕೆ ನಿಲ್ಲಲು ಇವೇ ಸಾಕು. ಬಿಪಿಎಲ್ ಕಾರ್ಡ್ ಹಿಡಿದು ಕೌಂಟರ್‌ನಿಂದ ಕೌಂಟರ್‌ಗೆ ಓಡುವವರು, ರಿಪೋರ್ಟ್ ತಂದುಕೊಡುವವರು, ಗಂಟೆ ನೋಡಿ ಮಾತ್ರೆ ಕೊಡುವವರು, ಮಧ್ಯರಾತ್ರಿ ಜ್ವರ ಏರಿದಾಗ ‘ಬೆಳಗ್ಗೆ ನೋಡೋಣ’ ಎನ್ನದೆ ಆಟೊ ಕರೆಯುವವರು, ಇವರೇ ಅಂಕಿಅಂಶಗಳಲ್ಲಿ ‘ಸಾಮಾಜಿಕ ಸಂಬಂಧ’ ಎಂಬ ಒಣ ಹೆಸರಿನಿಂದ ಕಾಣಿಸಿಕೊಳ್ಳುವವರು. ಅಮೆರಿಕದ 7 ಲಕ್ಷಕ್ಕೂ ಹೆಚ್ಚು ಕ್ಯಾನ್ಸರ್ ರೋಗಿಗಳ ದಾಖಲೆ ಆಧರಿಸಿದ 2013ರ ಅಧ್ಯಯನವೂ ಇದನ್ನೇ ಸೂಚಿಸುತ್ತದೆ: ವಿವಾಹಿತರಲ್ಲಿ ಕಾಯಿಲೆ ಹರಡುವ ಮೊದಲೇ ಪತ್ತೆಯಾದದ್ದು ಹೆಚ್ಚು, ತಕ್ಕ ಚಿಕಿತ್ಸೆ ಸಿಕ್ಕಿದ್ದು ಹೆಚ್ಚು, ಕ್ಯಾನ್ಸರ್‌ನಿಂದ ಸತ್ತದ್ದು ಕಡಿಮೆ. ‘ಆ ಗಂಟು ತೋರಿಸಿಕೊಂಡು ಬಾ’ ಎಂದು ಬೆನ್ನು ಹತ್ತುವವರು ಮನೆಯಲ್ಲಿದ್ದರು ಎಂದು ಇದನ್ನು ಓದಿಕೊಳ್ಳಬಹುದು.

ಈಗ ನಗುವಿನ ಮಾತು. ನಗುವನ್ನು ಹಾಸ್ಯದ ಪ್ರತಿಕ್ರಿಯೆ ಎಂದು ಭಾವಿಸುವುದು ವಾಡಿಕೆ. ಅಮೆರಿಕದ ನರವಿಜ್ಞಾನಿ ರಾಬರ್ಟ್ ಪ್ರೊವೈನ್ ಬೀದಿ, ಕ್ಯಾಂಟೀನುಗಳಲ್ಲಿ ಜನ ಮಾತಾಡುವುದನ್ನು ಕೇಳಿಸಿಕೊಂಡು ಕಂಡುಕೊಂಡದ್ದು ಬೇರೆ. ನಗು ಉಕ್ಕುವ ಮುನ್ನ ಆಡಿದ ಮಾತುಗಳಲ್ಲಿ ಹೆಚ್ಚಿನವು ಜೋಕುಗಳೇ ಅಲ್ಲ, ತೀರ ಸಾಧಾರಣ ಮಾತುಗಳು. ಜೊತೆಯಲ್ಲಿದ್ದಾಗ ಮನುಷ್ಯ ಒಂಟಿಯಾಗಿದ್ದಾಗಿನದಕ್ಕಿಂತ ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆ. ಆಕ್ಸ್‌ಫರ್ಡ್‌ನ ರಾಬಿನ್ ಡನ್ಬರ್ ತಂಡ, ಜನ ಒಟ್ಟಾಗಿ ಮನಸಾರೆ ನಕ್ಕ ಮೇಲೆ ಅವರ ನೋವು ತಾಳುವ ಶಕ್ತಿ ಹೆಚ್ಚಿರುವುದನ್ನು ಪ್ರಯೋಗಗಳಲ್ಲಿ ತೋರಿಸಿ, ಮಿದುಳಿನಲ್ಲಿ ಒಸರುವ ಎಂಡಾರ್ಫಿನ್ ಇದಕ್ಕೆ ಕಾರಣವಿರಬೇಕೆಂದು ವಾದಿಸಿತು. ಕಸಿನ್ಸ್ ಅವರ ಎರಡು ಗಂಟೆಯ ನಿದ್ದೆ ಸುಳ್ಳಾಗಿರಬೇಕಿಲ್ಲ ಎಂದಾಯಿತು. ನಗು ಬಂದದ್ದು ಎಲ್ಲಿಂದ ಎಂಬುದೂ ತಿಳಿಯಿತು. ಅದು ಸಹವಾಸದ ಸದ್ದು. ಒಬ್ಬರೇ ಕೂತು ‘ಪಾಸಿಟಿವ್ ಆಗಿ’ ನಗುವ ಸಾಧನೆ ಮಾಡಿ ಎಂದು ರೋಗಿಗೆ ಹೇಳುವುದು ಒಬ್ಬರೇ ಕೋಲಾಟ ಆಡಿ ಎಂದಂತೆ. 1995ರಲ್ಲಿ ಮುಂಬಯಿಯ ಉದ್ಯಾನವೊಂದರಲ್ಲಿ ಡಾ. ಮದನ್ ಕಟಾರಿಯಾ ಬೆರಳೆಣಿಕೆಯ ಜನರೊಂದಿಗೆ ಶುರುಮಾಡಿದ ನಗೆಕೂಟ ಹಲವು ದೇಶಗಳಿಗೆ ಹಬ್ಬಿತು. ನಮ್ಮ ಊರುಗಳ ಪಾರ್ಕುಗಳಲ್ಲೂ ಬೆಳಗಿನ ಜಾವ ಅದರ ‘ಹಾಹಾ’ ಸದ್ದು ಕೇಳುತ್ತದೆ. ನಗಲು ಕಾರಣವೇ ಇಲ್ಲದ ಆ ನಗುವನ್ನು ಗೇಲಿ ಮಾಡುವುದು ಸುಲಭ. ಆದರೆ ನಿವೃತ್ತರೊಬ್ಬರು ಎರಡು ದಿನ ಬಾರದಿದ್ದರೆ ಮೂರನೆಯ ದಿನ ಫೋನ್ ಮಾಡಿ ವಿಚಾರಿಸುವ ಹತ್ತು ಜನ ಅಲ್ಲಿರುತ್ತಾರೆ. ಕೂಟದ ಸತ್ವ ನಗೆಯಲ್ಲಿರುವಷ್ಟೇ ಕೂಟದಲ್ಲಿದೆ.

ಎಲ್ಲ ನಗುವೂ ಒಂದೇ ಬಗೆಯದಲ್ಲ ಎಂಬುದನ್ನೂ ಸೇರಿಸಬೇಕು. ಕೆನಡಾದ ಮನೋವಿಜ್ಞಾನಿ ರಾಡ್ ಮಾರ್ಟಿನ್ ಮತ್ತಿತರರು 2003ರಲ್ಲಿ ಹಾಸ್ಯವನ್ನು ನಾಲ್ಕಾಗಿ ವಿಂಗಡಿಸಿದರು: ಜನರನ್ನು ಹತ್ತಿರ ತರುವುದು, ತನ್ನನ್ನು ತಾನು ಸಂತೈಸಿಕೊಳ್ಳುವುದು, ಇನ್ನೊಬ್ಬರನ್ನು ಚುಚ್ಚುವುದು, ತನ್ನನ್ನೇ ಹೀಗಳೆದುಕೊಳ್ಳುವುದು. ಮೊದಲೆರಡರ ನಂಟು ನೆಮ್ಮದಿಯೊಂದಿಗೆ. ಕೊನೆಯದರದು ಖಿನ್ನತೆಯೊಂದಿಗೆ. ಕೀಮೋದಿಂದ ಕೂದಲು ಉದುರಿದ ಹೆಂಗಸು ‘ಶಾಂಪೂ ಖರ್ಚು ಉಳಿಯಿತು’ ಎಂದರೆ ಅದು ಕಾಯಿಲೆಯ ಮೇಲೆ ಅವಳು ಸಾಧಿಸಿದ ಒಂದು ಕ್ಷಣದ ಯಜಮಾನಿಕೆ. ಅದೇ ಮಾತನ್ನು ನೋಡಲು ಬಂದವರು ಮೊದಲಾಡಿದರೆ ಅದು ಗಾಯದ ಮೇಲೆ ಉಪ್ಪು. ಜೋಕಿನ ಹಕ್ಕು ರೋಗಿಯದು. ನಗೆಗೆ ಜೊತೆಗೂಡುವ ಕೆಲಸ ಉಳಿದವರದು. ಸ್ತನ ಕ್ಯಾನ್ಸರ್‌ನ ಅನುಭವವನ್ನು ‘ಸಾಸಿವೆ ತಂದವಳು’ ಕೃತಿಯಲ್ಲಿ ದಾಖಲಿಸಿದ ಭಾರತಿ ಬಿ.ವಿ. ಅವರಂಥ ಲೇಖಕಿಯರು ಕನ್ನಡದಲ್ಲೂ ಈ ಹಕ್ಕನ್ನು ಚಲಾಯಿಸಿದ್ದಾರೆ. ನಗುವಿಗೆ ಇನ್ನೊಂದು ಪೂರ್ವಸಿದ್ಧತೆಯೂ ಬೇಕು. ನೋವು ಇಳಿಯದೆ ಯಾರೂ ನಗಲಾರರು. 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದಾಗಿ ಭಾರತದಲ್ಲಿ ಮಾರ್ಫಿನ್ ಮಾತ್ರೆ ರೋಗಿಗಳಿಗೆ ಸಿಗುವುದೇ ದುಸ್ತರವಾಗಿತ್ತು. 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು. 2010ರಲ್ಲಿ ಪ್ರಕಟವಾದ ಬಾಸ್ಟನ್ನಿನ ಅಧ್ಯಯನವೊಂದರಲ್ಲಿ, ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ರೋಗಿಗಳ ಪೈಕಿ, ನೋವು, ಉಸಿರಾಟದ ಕಷ್ಟ, ಮುಂದೇನೆಂಬ ಚಿಂತೆಗಳನ್ನು ಮೊದಲಿನಿಂದಲೇ ವಿಚಾರಿಸಿಕೊಳ್ಳುವ ಪ್ಯಾಲಿಯೇಟಿವ್ ಆರೈಕೆ ಸಿಕ್ಕವರು ಹೆಚ್ಚು ನೆಮ್ಮದಿಯಿಂದ ಇದ್ದರು, 8.9 ತಿಂಗಳ ಬದಲು 11.6 ತಿಂಗಳು ಬದುಕಿದರು. ಆ ತಂಡ ಯಾರಿಗೂ ನಗಿರೆಂದು ಹೇಳಲಿಲ್ಲ. ನಗಲು ಅಡ್ಡಿಯಾಗಿದ್ದುದನ್ನು ಸರಿಸಿತು.

ಈ ವಿಚಾರ ಪಶ್ಚಿಮದಿಂದ ಆಮದಾದದ್ದೇನಲ್ಲ. ಚರಕಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಒಂದೊಂದಕ್ಕೂ ನಾಲ್ಕು ಗುಣ. ರೋಗಿಯ ಮೇಲಿನ ಅನುರಾಗ ಎಂಬುದನ್ನು ಅದು ಪರಿಚಾರಕನ ಅರ್ಹತೆಗಳಲ್ಲಿ ಸೇರಿಸಿದೆ, ಉಪಚಾರದ ತಿಳಿವಳಿಕೆ ಮತ್ತು ಶುಚಿತ್ವದ ಸಾಲಿನಲ್ಲೇ. ಚಿಕಿತ್ಸಾಗೃಹಕ್ಕೆ ಏನೇನು ಹೊಂದಿಸಿಕೊಳ್ಳಬೇಕೆಂದು ಅದೇ ಗ್ರಂಥದ ಸೂತ್ರಸ್ಥಾನ ಪಟ್ಟಿಮಾಡುವಾಗ ಅಡುಗೆಯವರು, ಮೀಯಿಸುವವರು, ಎಬ್ಬಿಸಿ ಕೂರಿಸುವವರ ಜೊತೆಗೆ ಹಾಡುವವರು, ಕತೆ ಪುರಾಣ ಬಲ್ಲವರು, ರೋಗಿಯ ಮನದಿಂಗಿತ ಅರಿತ ಸಂಗಾತಿಗಳೂ ಬರುತ್ತಾರೆ. ವಿನೋದ ಇಲ್ಲಿ ಚಿಕಿತ್ಸಾಲಯದ ಸಾಮಗ್ರಿ, ವ್ಯವಸ್ಥೆ ಮಾಡುವವರ ಜವಾಬ್ದಾರಿ. ನಮ್ಮ ಕಾಲಕ್ಕೆ ಹತ್ತಿರದ ಉದಾಹರಣೆ ಬೇಕಿದ್ದರೆ ರಾಶಿ ಎಂದೇ ಹೆಸರಾದ ಡಾ. ಎಂ. ಶಿವರಾಂ ಇದ್ದಾರೆ. ಬೆಂಗಳೂರಿನಲ್ಲಿ ವೈದ್ಯವೃತ್ತಿ ನಡೆಸುತ್ತಲೇ 1942ರಿಂದ ಕಾಲು ಶತಮಾನ ‘ಕೊರವಂಜಿ’ ಹಾಸ್ಯಪತ್ರಿಕೆ ನಡೆಸಿ ನಾಡನ್ನು ನಗಿಸಿದವರು. ಮನಸ್ಸಿನ ಕಾಯಿಲೆಗಳ ಕುರಿತ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಔಷಧದ ಚೀಟಿ ಬರೆಯುವ ಕೈಯೇ ಹಾಸ್ಯವನ್ನೂ ಬರೆಯಿತು, ಒಂದಕ್ಕಾಗಿ ಇನ್ನೊಂದನ್ನು ಬಿಡಲಿಲ್ಲ.

ಕೃತಜ್ಞತೆಯ ವಿಷಯ ಇನ್ನಷ್ಟು ನಾಜೂಕಿನದು. ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲ್ಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಒಂದು ನರಸ್ನಾಯು ಕಾಯಿಲೆ ಇದ್ದವರೊಂದಿಗೇ ನಡೆದದ್ದು. ದಿನವೂ ತಮಗೆ ದಕ್ಕಿದ ಒಳಿತುಗಳನ್ನು ಬರೆದಿಟ್ಟವರು ಹೆಚ್ಚು ಲವಲವಿಕೆಯಿಂದ ಇದ್ದರು, ನಿದ್ದೆಯೂ ಉತ್ತಮಗೊಂಡಿತ್ತು. ಆ ಬಳಿಕ ನಡೆದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2020ರಲ್ಲಿ ನೋಡಿದಾಗ, ಖಿನ್ನತೆ ಮತ್ತು ಆತಂಕದ ಮೇಲೆ ಇದರ ಪರಿಣಾಮ ಸಣ್ಣದೆಂದೇ ತಿಳಿಯಿತು. ಸಣ್ಣದಾದರೂ ಇರಲಿ, ಹಾನಿಯೇನು ಎನ್ನಬಹುದು. ಹಾನಿ ಇರುವುದು ಕೃತಜ್ಞತೆಯನ್ನು ಮೇಲಿನಿಂದ ವಿಧಿಸಿದಾಗ. ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವುದು, ನರ್ಸ್ ಮುಖ ಸಿಂಡರಿಸದೆ ಮಾತಾಡುವುದು, ವೈದ್ಯರು ಎರಡು ನಿಮಿಷ ನಿಂತು ಕಾಯಿಲೆ ವಿವರಿಸುವುದು ರೋಗಿಗೆ ಸಲ್ಲಬೇಕಾದ ಬಾಕಿ. ಅವಕ್ಕೂ ಕೈಮುಗಿದು ನಿಲ್ಲಬೇಕೆಂದು ಬಯಸಿದರೆ ಅದು ಹಂಗು. ಹಂಗಿನಲ್ಲಿರುವವರು ನೋವಾಗುತ್ತಿದೆ ಎಂದು ಹೇಳಲೂ ಹಿಂಜರಿಯುತ್ತಾರೆ. ಕೇಳಬೇಕಾದ ಪ್ರಶ್ನೆಯನ್ನು ನುಂಗಿಕೊಳ್ಳುತ್ತಾರೆ. ಮನೆಯಲ್ಲೂ ಅಷ್ಟೆ. ‘ನಿನಗಾಗಿ ಎಷ್ಟೆಲ್ಲ ಮಾಡಿದೆವು’ ಎಂಬ ಮಾತು ಒಮ್ಮೆ ಬಂದರೆ ಆರೈಕೆ ಸಾಲವಾಗುತ್ತದೆ. ನಿಜವಾದ ಕೃತಜ್ಞತೆ ಹುಟ್ಟುವುದು ಕೊಟ್ಟವರು ಲೆಕ್ಕ ಇಡದಾಗ, ಪಡೆದವರಿಗೂ ಏನಾದರೂ ಕೊಡುವ ಅವಕಾಶ ಉಳಿದಾಗ. ಮಲಗಿದ ಅಜ್ಜಿಗೆ ಮೊಮ್ಮಗಳ ಲೆಕ್ಕ ತಿದ್ದಲು ಬಿಡುವುದು, ಬಂದವರ ಕಷ್ಟ ಕೇಳಿ ಸಲಹೆ ಕೊಡಲು ಬಿಡುವುದು, ಗುಣವಾದವರು ಹೊಸ ರೋಗಿಯ ಪಕ್ಕ ಕೂತು ಕೀಮೋದ ಮೊದಲ ದಿನ ಹೇಗಿರುತ್ತದೆಂದು ಹೇಳುವುದು, ಇವೆಲ್ಲ ಪಟ್ಟಿ ಬರೆಯುವುದಕ್ಕಿಂತ ಗಟ್ಟಿಯಾದ ಕೃತಜ್ಞತೆಗಳು. ಅಂದಹಾಗೆ, ನಮ್ಮಲ್ಲಿ ಆರೈಕೆಯ ಬಹುಭಾಗ ಹೆಂಡತಿ, ಮಗಳು, ಸೊಸೆಯರ ಮೇಲೆ ಬೀಳುತ್ತದೆ. ಚೇತರಿಸಿಕೊಂಡವರ ಛಲವನ್ನು ಸನ್ಮಾನಿಸುವ ವೇದಿಕೆಯಲ್ಲಿ ಇವರಿಗೆ ಕುರ್ಚಿ ಇರುವುದು ಅಪರೂಪ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ: ರೋಗಿಯ ಧೈರ್ಯಕ್ಕೆ ಬೆಲೆಯೇ ಇಲ್ಲವೇ? ಚರಕನೂ ರೋಗಿಯ ನಾಲ್ಕು ಗುಣಗಳಲ್ಲಿ ನಿರ್ಭೀತಿಯನ್ನು ಎಣಿಸಿದ್ದಾನಲ್ಲ? ಎಣಿಸಿದ್ದಾನೆ. ಅದರ ಅಕ್ಕಪಕ್ಕದಲ್ಲಿ ಏನಿದೆ ಎಂದೂ ನೋಡಬೇಕು: ನೆನಪಿಟ್ಟುಕೊಳ್ಳುವುದು, ಹೇಳಿದಂತೆ ನಡೆಯುವುದು, ತನಗೇನಾಗುತ್ತಿದೆ ಎಂದು ಮುಚ್ಚುಮರೆಯಿಲ್ಲದೆ ತಿಳಿಸುವುದು. ಅಂದರೆ ಇಲ್ಲಿ ಧೈರ್ಯವೆಂದರೆ ಚಿಕಿತ್ಸೆಗೆ ಬೇಕಾದ ಧೈರ್ಯ, ಹೆದರಿಕೆಯನ್ನು ಮುಚ್ಚಿಟ್ಟು ನಗುಮುಖ ತೋರುವ ಧೈರ್ಯವಲ್ಲ. ‘ಭಯವಾಗುತ್ತಿದೆ’ ಎಂದು ಹೇಳಿಬಿಡುವುದಕ್ಕೇ ಬಹಳಷ್ಟು ಧೈರ್ಯ ಬೇಕು. ಸದಾ ನಗುತ್ತಿರಬೇಕೆಂಬ ಒತ್ತಾಯ ಅದನ್ನೇ ಕಸಿದುಕೊಳ್ಳುತ್ತದೆ. ರೋಗಿ ಮನೆಯವರಿಗಾಗಿ ನಗುತ್ತಾನೆ, ಮನೆಯವರು ರೋಗಿಗಾಗಿ ನಗುತ್ತಾರೆ, ರಿಪೋರ್ಟನ್ನು ಇಬ್ಬರೂ ಒಬ್ಬರಿಂದೊಬ್ಬರು ಬಚ್ಚಿಡುತ್ತಾರೆ. ಕ್ಯಾನ್ಸರ್ ಎಂಬ ಹೆಸರನ್ನು ರೋಗಿಯ ಮುಂದೆ ಆಡಬೇಡಿ ಎಂದು ವೈದ್ಯರನ್ನು ಬೇಡಿಕೊಳ್ಳುವ ಮನೆಗಳಲ್ಲಿ ಕೊರತೆಯಾಗಿರುವುದು ನಗುವಲ್ಲ, ಒಟ್ಟಿಗೆ ಅಳುವ ಅವಕಾಶ. ಅದು ಸಿಕ್ಕ ಮನೆಯಲ್ಲಿ ನಗು ಹಿಂದೆಯೇ ಬರುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಭಾರದ್ದು: ಹೊಣೆಯನ್ನು ಬಳಗದ ಮೇಲೆ ಹೇರಿದರೆ ಈಗಾಗಲೇ ಸೋತುಹೋದ ಕುಟುಂಬಗಳ ಗತಿಯೇನು? ಬಳಗವೇ ಇಲ್ಲದವರ ಪಾಡೇನು? ಗೆಳೆತನವನ್ನು ಖಾಸಗಿ ಭಾಗ್ಯವೆಂದು ಬಿಟ್ಟುಬಿಟ್ಟರೆ ಈ ಪ್ರಶ್ನೆಗೆ ಉತ್ತರವಿಲ್ಲ. ಅದನ್ನು ಊರು ಕೂಡಿ ಸಂಘಟಿಸಲು ಬರುತ್ತದೆ ಎಂಬುದಕ್ಕೆ ನೆರೆಯ ಕೇರಳ ಸಾಕ್ಷಿ. 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಕೋಯಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ನೋವು ಶಮನದ ಸಣ್ಣ ಕ್ಲಿನಿಕ್ ಆರಂಭಿಸಿದರು. ದೀರ್ಘಕಾಲದ ರೋಗಿಗಳ ಕಷ್ಟದಲ್ಲಿ ವೈದ್ಯಕೀಯವಾದದ್ದು ಒಂದು ಪಾಲು ಮಾತ್ರ ಎಂಬ ಅರಿವಿನಿಂದ ಅದು ನೆರೆಹೊರೆಯವರ ಜಾಲವಾಗಿ ಬೆಳೆಯಿತು. ಓಣಿಯ ಜನರೇ ತರಬೇತಿ ಪಡೆದು, ಸಣ್ಣ ಸಣ್ಣ ದೇಣಿಗೆ ಕೂಡಿಸಿ, ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ. ಅಕ್ಕಿ ತಲುಪಿಸುತ್ತಾರೆ, ಮಕ್ಕಳ ಶಾಲೆಯ ಖರ್ಚು ನೋಡುತ್ತಾರೆ, ಕೂತು ಮಾತಾಡುತ್ತಾರೆ. 2008ರಲ್ಲಿ ಕೇರಳ ಸರ್ಕಾರ ಇದನ್ನು ನೀತಿಯಾಗಿಯೇ ಒಪ್ಪಿತು. ಬೆಂಗಳೂರಿನ ‘ಕರುಣಾಶ್ರಯ’ ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತ ಬಂದಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡದಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಕ್ಷಯದ ಅಧ್ಯಯನ ಇನ್ನೂ ಸರಳವಾದ ಪಾಠ ಹೇಳುತ್ತದೆ. ರೋಗಿಗೆ ತಿಂಗಳಿಗೆ ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ ಎಲ್ಲ ಸೇರಿ 10 ಕೆಜಿ. ಮನೆಯ ಉಳಿದವರಿಗೂ ಪಡಿ. ಬೇಗ ಮೈತೂಕ ಕೂಡಿಸಿಕೊಂಡ ರೋಗಿಗಳಲ್ಲಿ ಸಾವು ಕಡಿಮೆಯಾಗಿತ್ತು, ಪಡಿ ಪಡೆದ ಮನೆಯವರಲ್ಲಿ ಹೊಸದಾಗಿ ಕ್ಷಯ ತಗಲುವುದು ಸುಮಾರು ಶೇ 39ರಷ್ಟು ಇಳಿದಿತ್ತು. ಸಮಾಜ ತೋರಬಲ್ಲ ಗೆಳೆತನಕ್ಕೆ ಇಂಥ ಅಳತೆ, ತೂಕಗಳೂ ಇವೆ.

ಮೂರನೆಯದು, ಕೆಲವರಿಗೆ ಏಕಾಂತವೇ ಪ್ರಿಯ, ಜನ ಮುತ್ತಿಕೊಂಡರೆ ಇನ್ನಷ್ಟು ಬಳಲುತ್ತಾರೆ ಎಂಬ ಮಾತು. ಸತ್ಯ. ನಮ್ಮ ಆಸ್ಪತ್ರೆಗಳ ಭೇಟಿ ವೇಳೆಯಲ್ಲಿ ಮಂಚದ ಸುತ್ತ ನೆರೆದು ಯಾರದೋ ಆಸ್ತಿ ವ್ಯಾಜ್ಯ ಚರ್ಚಿಸುವ ಗುಂಪನ್ನು ಗೆಳೆತನವೆಂದು ಕರೆಯಲು ಬರುವುದಿಲ್ಲ. ಚರಕ ಹೇಳಿದ ಮನದಿಂಗಿತ ಅರಿತವರು ಎಂಬ ಷರತ್ತು ಇಲ್ಲಿಯೇ ಬೇಕಾಗುವುದು. ಏಕಾಂತ ಬಯಸುವವರಿಗೂ ಬಿಲ್ ಕಟ್ಟುವ ಸಾಲಿನಲ್ಲಿ ನಿಲ್ಲುವವರು ಬೇಕು. ಅವರು ಕೋಣೆಯ ಹೊರಗಿದ್ದರೂ ಆದೀತು. ಎಷ್ಟು ಹತ್ತಿರ, ಎಷ್ಟು ಹೊತ್ತು ಎಂಬುದನ್ನು ರೋಗಿ ನಿರ್ಧರಿಸಲಿ.

ಹೊಣೆ ಹಂಚಿಕೆಯನ್ನು ಹೀಗೆ ಸರಿಪಡಿಸಿಕೊಂಡರೆ ಮಾತೂ ಬದಲಾಗುತ್ತದೆ. ‘ಧೈರ್ಯವಾಗಿರಿ’ ಎನ್ನುವ ಜಾಗದಲ್ಲಿ ‘ಗುರುವಾರದ ಕೀಮೋಗೆ ನಾನು ಬರ್ತೀನಿ, ಮನೆಯವರು ಒಂದಿಷ್ಟು ಮಲಗಲಿ’ ಎನ್ನಬಹುದು. ‘ಏನಾದರೂ ಬೇಕಿದ್ರೆ ಹೇಳಿ’ ಎಂಬುದು ಮತ್ತೆ ರೋಗಿಗೇ ಕೆಲಸ ಹಚ್ಚುವ ಮಾತು. ‘ನಾಳೆ ರಾತ್ರಿಯ ಊಟ ನಮ್ಮ ಮನೆಯಿಂದ’ ಎಂಬುದು ಕೆಲಸ ಇಳಿಸುವ ಮಾತು. ಇಂಥ ಮನೆಯಲ್ಲಿ ರೋಗಿ ನಕ್ಕರೆ ಅದು ಅವರ ಸಂತೋಷ, ನಗದಿದ್ದರೆ ಅದೂ ಅವರ ಹಕ್ಕು. ಗುಣವಾದರೆ ಔಷಧಕ್ಕೂ ವೈದ್ಯರಿಗೂ ಬಳಗಕ್ಕೂ ಪಾಲು ಸಲ್ಲಲಿ. ಗುಣವಾಗದೆ ಹೋದರೆ, ಅವರು ಸಾಲುವಷ್ಟು ನಗಲಿಲ್ಲವೆಂದು ಯಾರೂ ಹೇಳದಿರಲಿ. ನಾವು ಮಾಡಬಹುದಾದದ್ದನ್ನು ಮಾಡಿದೆವೇ ಎಂಬ ಪ್ರಶ್ನೆ ಆಗ ಉಳಿಯುತ್ತದೆ. ಅದಕ್ಕೆ ಉತ್ತರ ಕೊಡಬೇಕಾದವರು ಆರೋಗ್ಯವಂತರು.